ಆರೋಗ್ಯದ ಲೆಕ್ಕ ಇಡುವ ಸ್ಮಾರ್ಟ್‌ವಾಚ್: ಯಾವುದು ಅಳತೆ, ಯಾವುದು ಅಂದಾಜು?

ನಿಧಾನಗಾಮಿ:

ಆರೋಗ್ಯದ ಲೆಕ್ಕ ಇಡುವ ಸ್ಮಾರ್ಟ್‌ವಾಚ್ ಒಂದನ್ನು ಹದಿನಾಲ್ಕು ತಿಂಗಳಿಂದ ಹಗಲೂ ರಾತ್ರಿಯೂ ಕಟ್ಟಿಕೊಂಡಿದ್ದೇನೆ. ಯಾವ ಕಂಪನಿಯದೆಂದು ಬೇಕೆಂದೇ ಹೇಳುತ್ತಿಲ್ಲ. ಹೇಳಿದ ಕೂಡಲೇ ಮಾತು ಆ ಕಂಪನಿ ಮೇಲೋ ಈ ಕಂಪನಿ ಮೇಲೋ ಎಂಬ ಕಡೆಗೆ ಹೊರಳಿಬಿಡುತ್ತದೆ. ನಾನು ಕೇಳಬೇಕೆಂದಿರುವುದು ಬಹುತೇಕ ಎಲ್ಲ ವಾಚುಗಳಿಗೂ ಸಲ್ಲುವ ಪ್ರಶ್ನೆ: ಇವು ತೋರಿಸುವ ಹತ್ತಾರು ಅಂಕಿಗಳಲ್ಲಿ ಯಾವುದು ಅಳತೆ, ಯಾವುದು ಅಂದಾಜು, ಯಾವುದು ಬರೀ ಅಲಂಕಾರ?

ಮೊದಲು ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ. ವಿಶ್ರಾಂತಿಯಲ್ಲಿರುವಾಗ ನನ್ನ ನಾಡಿಬಡಿತ ನಿಮಿಷಕ್ಕೆ 60ರಿಂದ 62ರ ಆಸುಪಾಸಿನಲ್ಲಿ ಇರುತ್ತದೆ. ಒಂದು ಸೋಮವಾರ ಅದು 67 ಆಯಿತು, ಮಂಗಳವಾರ 72 ಆಯಿತು. ನನಗೆ ಮೈಯಲ್ಲಿ ಯಾವ ತೊಂದರೆಯೂ ಅನ್ನಿಸಿರಲಿಲ್ಲ. ಬುಧವಾರ ಸಂಜೆ ಜ್ವರ ಬಂತು. ಅಂದಿನಿಂದ ಗಮನಿಸುತ್ತಿದ್ದೇನೆ: ನಿದ್ದೆಗೆಟ್ಟ ರಾತ್ರಿಯ ಮರುದಿನ ಆ ಅಂಕಿ ಏರುತ್ತದೆ, ವಾರಗಟ್ಟಲೆ ತಪ್ಪದೆ ನಡೆದರೆ ಮೆಲ್ಲನೆ ಇಳಿಯುತ್ತದೆ. 72 ಎಂಬುದು ರೋಗದ ಲಕ್ಷಣವೇನಲ್ಲ. ವಯಸ್ಕರಲ್ಲಿ 60ರಿಂದ 100ರವರೆಗೆ ಸಹಜವೆಂದೇ ಲೆಕ್ಕ. ಆ ಮಂಗಳವಾರ ವೈದ್ಯರ ಮುಂದೆ ಕುಳಿತಿದ್ದರೆ ಅವರು ನಾಡಿ ನೋಡಿ ‘ನಾರ್ಮಲ್’ ಎಂದು ಬರೆದು ಕಳುಹಿಸುತ್ತಿದ್ದರು. ಅದು ನನ್ನ ಮಟ್ಟಿಗೆ ಅಸಹಜ ಎಂಬುದು ಗೊತ್ತಾಗಬೇಕಾದರೆ ನನ್ನ ಹಿಂದಿನ ತಿಂಗಳುಗಳನ್ನೆಲ್ಲ ನೋಡಿದವರು ಬೇಕು, ಹಾಗೆ ನೋಡಿದ್ದು ಈ ವಾಚು ಮಾತ್ರ.

ಹಾದಿ ತಪ್ಪಿಸಿದ್ದು ಕ್ಯಾಲೊರಿಯ ಲೆಕ್ಕ. ದಿನಕ್ಕೆ ಇಷ್ಟು ಖರ್ಚಾಯಿತು ಎಂದು ಅದು ತೋರಿಸಿದ್ದನ್ನು ನಂಬಿ, ಮೂರು ತಿಂಗಳು ಅದಕ್ಕೆ ತಕ್ಕಂತೆ ಉಂಡೆ. ಇಳಿಯಬೇಕಿದ್ದ ತೂಕ ಎರಡು ಕಿಲೋ ಏರಿತು. ಆಮೇಲೆ ಓದಿದಾಗ ತಿಳಿದದ್ದೇನೆಂದರೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ಸಾಧನಗಳನ್ನು 60 ಮಂದಿಯ ಕೈಗೆ ಕಟ್ಟಿ ಪರೀಕ್ಷಿಸಿದ್ದರು. ಹೃದಯ ಬಡಿತದಲ್ಲಿ ಆರು ಸಾಧನಗಳ ತಪ್ಪು ಶೇ 5ಕ್ಕಿಂತ ಕಡಿಮೆ ಇತ್ತು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮವೆನಿಸಿದ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ಅತಿ ಕಳಪೆಯಾದದ್ದು ಶೇ 93ರಷ್ಟು. ಒಂದೇ ಪರದೆಯ ಮೇಲೆ, ಒಂದೇ ಅಕ್ಷರದ ಅಳತೆಯಲ್ಲಿ, ಅಕ್ಕಪಕ್ಕ ಕುಳಿತಿರುವ ಈ ಎರಡು ಅಂಕಿಗಳ ಯೋಗ್ಯತೆಯಲ್ಲಿ ಇಷ್ಟು ಅಂತರವಿದೆ ಎಂಬುದನ್ನು ವಾಚು ಎಲ್ಲಿಯೂ ಹೇಳುವುದಿಲ್ಲ. ನನ್ನ ಮುಖ್ಯ ಆಕ್ಷೇಪ ಇದೇ.

ಅಂದಹಾಗೆ, ಸ್ನಾನಕ್ಕೆ ಹೋಗುವಾಗ ಚಾರ್ಜಿಗೆ ಇಡುವ ಅಭ್ಯಾಸ ಮಾಡಿಕೊಂಡರೆ ದಿನದ ಲೆಕ್ಕ ತಪ್ಪುವುದಿಲ್ಲ. ಉಳಿದವರ ಅನುಭವವನ್ನು ತಿಳಿಯಲು ಬಯಸುತ್ತೇನೆ.

ಇಸಿಜಿ ಕೋಣೆ:

ನಾನು ಇಸಿಜಿ ತೆಗೆಯುವ ತಂತ್ರಜ್ಞೆ. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನಿಧಾನಗಾಮಿಯವರ ಪ್ರಶ್ನೆ ಸರಿಯಾಗಿದೆ, ಆದರೆ ‘ಅಳತೆ’ಯ ಸಾಲಿಗೆ ಸೇರಿಸಿದ ಹೃದಯದ ವಿಷಯದಲ್ಲೇ ಎರಡು ಬೇರೆ ಬೇರೆ ಕೆಲಸಗಳು ಒಂದಾಗಿ ಹೋಗಿವೆ. ಅವನ್ನು ಬಿಡಿಸಿಕೊಳ್ಳದಿದ್ದರೆ ಅಪಾಯವಿದೆ.

ವಾಚಿನ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕು ಮೊದಲನೆಯದು. ರಕ್ತದಲ್ಲಿರುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಚರ್ಮದಡಿಯ ಸಣ್ಣ ರಕ್ತನಾಳಗಳು ತುಂಬಿಕೊಂಡು, ಹಿಂದಿರುಗುವ ಬೆಳಕು ಒಂದಿಷ್ಟು ಕುಗ್ಗುತ್ತದೆ. ಆ ಏರಿಳಿತವನ್ನು ಎಣಿಸಿದರೆ ನಾಡಿ ಸಿಕ್ಕಿತು. ಇಲ್ಲಿ ಅಳೆಯುತ್ತಿರುವುದು ರಕ್ತದ ಹರಿವನ್ನು, ಹೃದಯವನ್ನಲ್ಲ. ಎರಡನೆಯದು ಕೆಲವು ವಾಚುಗಳಲ್ಲಿರುವ ಇಸಿಜಿ. ಹಿಂಬದಿಯ ಲೋಹ ಒಂದು ಕೈಯನ್ನು ಮುಟ್ಟಿರುತ್ತದೆ, ಪಕ್ಕದ ಗುಂಡಿಯ ಮೇಲೆ ಇನ್ನೊಂದು ಕೈಯ ಬೆರಳನ್ನು 30 ಸೆಕೆಂಡು ಇಡುತ್ತೇವೆ. ಎರಡು ಕೈಗಳ ನಡುವಿನ ವಿದ್ಯುತ್ ವ್ಯತ್ಯಾಸ ಗೆರೆಯಾಗಿ ಮೂಡುತ್ತದೆ. ಇಸಿಜಿಗೆ ಬುನಾದಿ ಹಾಕಿ 1924ರಲ್ಲಿ ನೊಬೆಲ್ ಪಡೆದ ಐಂಥೋವನ್ ಅವರ ಕಾಲದಿಂದ ‘ಲೀಡ್ ಒಂದು’ ಎಂದು ನಾವು ಕರೆಯುವುದು ಇದನ್ನೇ. ಹೀಗಾಗಿ ಇದು ನಿಜವಾದ ಇಸಿಜಿಯೇ, ಆದರೆ ಒಂದೇ ಕಿಟಕಿಯಿಂದ ನೋಡಿದ್ದು. ನಮ್ಮ ಕೋಣೆಯಲ್ಲಿ ಹತ್ತು ಕಡೆ ಎಲೆಕ್ಟ್ರೋಡ್ ಅಂಟಿಸಿ ಹನ್ನೆರಡು ಕೋನಗಳಿಂದ ನೋಡುತ್ತೇವೆ.

ಒಂದು ಕಿಟಕಿಯಿಂದ ಚೆನ್ನಾಗಿ ಕಾಣುವುದು ಲಯ. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಬಂದು ಹೋಗಿ ಮಾಡುವಂಥದ್ದು. ನಾವು ಇಸಿಜಿ ತೆಗೆಯುವ ಹತ್ತು ಸೆಕೆಂಡಿನಲ್ಲಿ ಅದು ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಅದರಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಸಾಧ್ಯತೆ ಹೆಚ್ಚುವುದರಿಂದ, ಸದಾ ಕೈಯಲ್ಲೇ ಇರುವ ಸಾಧನ ಅದನ್ನು ಹಿಡಿದುಕೊಟ್ಟರೆ ದೊಡ್ಡ ಉಪಕಾರವೇ ಸರಿ. 2019ರಲ್ಲಿ ಪ್ರಕಟವಾದ ‘ಆ್ಯಪಲ್ ಹಾರ್ಟ್ ಸ್ಟಡಿ’ಯಲ್ಲಿ 4,19,297 ಮಂದಿ ಇದ್ದರು, ಅವರಲ್ಲಿ ನಾಡಿಯ ಲಯ ತಪ್ಪಿದೆ ಎಂಬ ಎಚ್ಚರಿಕೆ ಬಂದದ್ದು 2,161 ಮಂದಿಗೆ, ಎಂದರೆ ಶೇ 0.52. ಎಚ್ಚರಿಕೆ ಬಂದವರಲ್ಲಿ ಕೆಲವರಿಗೆ ಆಮೇಲೆ ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಕಳುಹಿಸಲಾಯಿತು. ಅದನ್ನು ಧರಿಸಿ ಹಿಂದಿರುಗಿಸಿದ 450 ಮಂದಿಯಲ್ಲಿ ಶೇ 34ರಷ್ಟು ಜನರಿಗೆ ಆ ತೊಂದರೆ ದಾಖಲಾಯಿತು. ಮಿಕ್ಕವರಿಗೆ ಬಂದ ಎಚ್ಚರಿಕೆಗಳೆಲ್ಲ ಸುಳ್ಳೆಂದು ಇದರಿಂದ ಹೇಳಲಾಗದು, ಏಕೆಂದರೆ ಪಟ್ಟಿ ಕಟ್ಟಿದ ದಿನಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳದೇ ಇದ್ದಿರಬಹುದು. ವಾಚೂ ಪಟ್ಟಿಯೂ ಒಟ್ಟಿಗೆ ಇದ್ದ ಹೊತ್ತಿನಲ್ಲಿ ಬಂದ ಎಚ್ಚರಿಕೆಗಳು ಶೇ 84ರಷ್ಟು ತಾಳೆಯಾಗಿದ್ದವು.

ಒಂದು ಕಿಟಕಿಯಿಂದ ಕಾಣದೇ ಹೋಗಬಹುದಾದದ್ದು ಹೃದಯಾಘಾತ. ಎದೆಯ ನಡುವೆ ಒತ್ತಿ ಹಿಡಿದಂತಾಗುತ್ತಿದ್ದರೂ ವಾಚು ‘ಲಯ ಸಹಜ’ ಎಂದು ತೋರಿಸಿದ್ದರಿಂದ ಮೂರು ಗಂಟೆ ಮನೆಯಲ್ಲೇ ಕಾದು ಬಂದ ಒಬ್ಬರನ್ನು ನಾನು ಕಂಡಿದ್ದೇನೆ. ನಮ್ಮ ಕಾಗದದ ಮೇಲೆ ಹೃದಯಾಘಾತ ಸ್ಪಷ್ಟವಾಗಿ ಮೂಡಿತ್ತು. ವಾಚು ಹೇಳಿದ್ದೂ ಸುಳ್ಳಾಗಿರಲಿಲ್ಲ. ಅವರ ಲಯ ನಿಜಕ್ಕೂ ಸಹಜವಾಗಿಯೇ ಇತ್ತು. ಹೃದಯಾಘಾತವನ್ನು ಈ ಸಾಧನ ಪತ್ತೆ ಮಾಡುವುದಿಲ್ಲ ಎಂದು ತಯಾರಕರು ಬರೆದೇ ಇರುತ್ತಾರೆ, ಆದರೆ ಎದೆನೋವಿನ ಹೊತ್ತಿನಲ್ಲಿ ಅದನ್ನು ಓದುವವರು ಯಾರು? ಎಚ್ಚರಿಕೆ ಬಂದರೆ ವೈದ್ಯರ ಬಳಿ ಹೋಗಿ. ಎಚ್ಚರಿಕೆ ಬರದಿದ್ದರೂ ಎದೆನೋವಿದ್ದರೆ ಇನ್ನೂ ಬೇಗ ಹೋಗಿ.

ಮುಂಜಾನೆ ಓಟ:

ಇಸಿಜಿ ಕೋಣೆಯವರು ಬೆಳಕಿನ ಬಗ್ಗೆ ಹೇಳಿದ್ದಕ್ಕೆ ಓಟಗಾರರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಕುಳಿತಾಗ, ಮಲಗಿದಾಗ, ಸಮವಾಗಿ ನಡೆಯುವಾಗ ಮಣಿಕಟ್ಟಿನ ನಾಡಿಯ ಲೆಕ್ಕ ನಂಬುವಂತೆಯೇ ಇರುತ್ತದೆ. ಓಡಲು ತೊಡಗಿದರೆ ಕೈ ಬೀಸುವ ತಾಳವೂ ಬೆಳಕಿನಲ್ಲಿ ಏರಿಳಿತ ಉಂಟುಮಾಡುತ್ತದೆ, ಆಗ ವಾಚು ಕೆಲವೊಮ್ಮೆ ಹೃದಯವನ್ನು ಬಿಟ್ಟು ಹೆಜ್ಜೆಗಳನ್ನೇ ಎಣಿಸತೊಡಗುತ್ತದೆ. ನಿಮಿಷಕ್ಕೆ 170 ಹೆಜ್ಜೆ ಇಡುವವನ ಬಡಿತವೂ 170 ಎಂದು ಬಂದರೆ ಅನುಮಾನಿಸಬೇಕು. ನಾನು ಒಂದು ಚಳಿಗಾಲವಿಡೀ ಮೆಲ್ಲನೆ ಓಡುತ್ತಲೇ ‘ಅತಿ ಶ್ರಮ’ದ ವಲಯದಲ್ಲಿದ್ದೇನೆಂದು ನಂಬಿ ಹೆದರಿದ್ದೆ, ಎದೆಗೆ ಕಟ್ಟುವ ಬೆಲ್ಟ್ ಹಾಕಿ ನೋಡಿದರೆ ಬಡಿತ 138 ಇತ್ತು. ಆ ಬೆಲ್ಟ್ ಹೃದಯದ ವಿದ್ಯುತ್ತನ್ನೇ ಹಿಡಿಯುವುದರಿಂದ ಅದಕ್ಕೆ ಹೆಜ್ಜೆಯ ಗೊಂದಲ ಕಡಿಮೆ.

ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಅಲುಗದಂತೆ, ಆದರೆ ಅಚ್ಚು ಬೀಳದಂತೆ ಕಟ್ಟಬೇಕು. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಆಗಲೂ ಲೆಕ್ಕ ಕೆಡುತ್ತದೆ. ತೂಕ ಎತ್ತುವ ವ್ಯಾಯಾಮದಲ್ಲಿ ಮಣಿಕಟ್ಟು ಮಡಚಿ ಮುಷ್ಟಿ ಬಿಗಿಯುವುದರಿಂದ ಇನ್ನೂ ಕೆಡುತ್ತದೆ.

ಇನ್ನೊಂದು ವಿಷಯ, ಗರಿಷ್ಠ ಬಡಿತವನ್ನು ಆಧರಿಸಿ ಶ್ರಮವನ್ನು ಹಂತಗಳಾಗಿ ವಿಂಗಡಿಸುವ ಈ ‘ವಲಯ’ಗಳದ್ದೇ. ಅನೇಕ ವಾಚುಗಳು ಗರಿಷ್ಠ ಬಡಿತವನ್ನು 220ರಿಂದ ವಯಸ್ಸನ್ನು ಕಳೆದು ಇಟ್ಟುಕೊಳ್ಳುತ್ತವೆ. ಜನಸಮೂಹದ ಸರಾಸರಿಗೆ ಅದು ಪರವಾಗಿಲ್ಲ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತಗಳ ವ್ಯತ್ಯಾಸ ಸಾಮಾನ್ಯ. ಬುಡದ ಅಂಕಿಯೇ ಸರಿಯಿಲ್ಲದಿದ್ದರೆ ಅದರ ಮೇಲೆ ಕಟ್ಟಿದ ಬಣ್ಣಬಣ್ಣದ ವಲಯಗಳಿಗೆ ಏನು ಬೆಲೆ?

ಹೊಸದಾಗಿ ಸೇರಿದವನು:

ಒಂದೇ ಪ್ರಶ್ನೆ. ರಕ್ತದೊತ್ತಡ, ಸಕ್ಕರೆ ಎರಡನ್ನೂ ಚುಚ್ಚದೆ ತೋರಿಸುತ್ತದೆ ಎಂಬ ಜಾಹೀರಾತು ನೋಡಿ ನಮ್ಮ ತಂದೆಯವರಿಗೆ ಒಂದು ವಾಚು ಕೊಳ್ಳಬೇಕೆಂದಿದ್ದೇನೆ. ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕೊಳ್ಳಬಹುದೇ?

ಇಸಿಜಿ ಕೋಣೆ:

ಸಕ್ಕರೆಗಾಗಿ ಖಂಡಿತ ಬೇಡ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು: ಚರ್ಮವನ್ನು ಚುಚ್ಚದೆ, ತಾವಾಗಿಯೇ ರಕ್ತದ ಸಕ್ಕರೆ ಅಳೆಯುತ್ತವೆ ಎನ್ನುವ ಯಾವ ವಾಚಿಗೂ ಉಂಗುರಕ್ಕೂ ಅದು ಅನುಮತಿ ಕೊಟ್ಟಿಲ್ಲ. ತೋಳಿಗೆ ಅಂಟಿಸುವ ಸಕ್ಕರೆ ಸಂವೇದಕದ ಅಂಕಿಯನ್ನು ವಾಚಿನ ಪರದೆಯಲ್ಲಿ ನೋಡುವುದು ಬೇರೆ ಮಾತು. ಅಲ್ಲಿ ಸಣ್ಣ ತಂತಿಯೊಂದು ಚರ್ಮದೊಳಗೆ ಇರುತ್ತದೆ, ವಾಚು ಅದರ ಅಂಕಿಯನ್ನು ತೋರಿಸುವುದಷ್ಟೇ. ಇನ್ಸುಲಿನ್ ತೆಗೆದುಕೊಳ್ಳುವವರು ಸುಳ್ಳು ಅಂಕಿ ನಂಬಿ ಪ್ರಮಾಣ ಹೆಚ್ಚಿಸಿದರೆ ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ತಪ್ಪಬಹುದು.

ರಕ್ತದೊತ್ತಡದ ವಿಷಯ ಸ್ವಲ್ಪ ಬೇರೆ. ಕೆಲವು ವಾಚುಗಳು ನಾಡಿಯ ಅಲೆಯ ಆಕಾರದಿಂದ ಅದನ್ನು ಅಂದಾಜಿಸುತ್ತವೆ, ಆದರೆ ಅವನ್ನು ತೋಳಿಗೆ ಸುತ್ತುವ ಸಾಮಾನ್ಯ ಬಿಪಿ ಯಂತ್ರದೊಂದಿಗೆ ಆಗಾಗ ಹೊಂದಿಸಬೇಕು. ಒಂದು ಪ್ರಸಿದ್ಧ ತಯಾರಕರ ವಾಚಿನಲ್ಲಿ 28 ದಿನಕ್ಕೊಮ್ಮೆ. ಹೇಗಿದ್ದರೂ ಆ ಯಂತ್ರ ಮನೆಯಲ್ಲಿ ಇರಲೇಬೇಕು ಎಂದಾದರೆ ತಂದೆಯವರಿಗೆ ಮೊದಲು ಅದನ್ನೇ ಕೊಡಿಸಿ.

ಸಂಶಯಿ:

ಎಲ್ಲರೂ ವಾಚು ಸರಿಯಾಗಿ ಅಳೆಯುತ್ತದೆಯೇ ಎಂದು ಕೇಳುತ್ತಿದ್ದೀರಿ. ಅಳೆದರೆ ಪ್ರಯೋಜನವುಂಟೇ ಎಂದು ನಾನು ಕೇಳುತ್ತೇನೆ. 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ತೂಕ ಹೆಚ್ಚಿದ್ದ 471 ಮಂದಿ ಯುವಜನರಿಗೆ ಆಹಾರ, ವ್ಯಾಯಾಮದ ಮಾರ್ಗದರ್ಶನ ಕೊಟ್ಟು, ಆರು ತಿಂಗಳ ಬಳಿಕ ಅರ್ಧದಷ್ಟು ಜನರಿಗೆ ಮೈಮೇಲೆ ಧರಿಸುವ ಸಾಧನವನ್ನೂ ಕೊಟ್ಟರು. ಎರಡು ವರ್ಷ ಮುಗಿದಾಗ ಸಾಧನ ಧರಿಸಿದವರು ಸರಾಸರಿ 3.5 ಕಿಲೋ ಇಳಿದಿದ್ದರೆ, ಧರಿಸದವರು 5.9 ಕಿಲೋ ಇಳಿದಿದ್ದರು. ವಾಚುಗಳು ಮುಂದಿಡುವ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿಯೂ ವಿಜ್ಞಾನದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆಮಾಪಕದ ಹೆಸರು ‘ಮಾನ್‌ಪೊ‌ಕೆಯ್’, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾರಾಟದ ಸರಕಿನ ಹೆಸರು ಆರೋಗ್ಯದ ಸೂತ್ರವಾಗಿ ಕುಳಿತಿದೆ.

ನಿಧಾನಗಾಮಿ:

ಸಂಶಯಿಯವರೇ, ಎರಡೂ ಮಾತು ಒಪ್ಪಿದೆ. ನನ್ನ ಎರಡು ಕಿಲೋ ನಿಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದರೆ ಗುರಿ ತಪ್ಪಾದರೆ ಎಣಿಕೆಯೂ ವ್ಯರ್ಥವೆನ್ನಲಾಗದು. 2019ರಲ್ಲಿ ಸರಾಸರಿ 72 ವರ್ಷದ ಸುಮಾರು 17,000 ಮಹಿಳೆಯರನ್ನು ಗಮನಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ನಡೆದವರು ಮೊದಲೇ ಆರೋಗ್ಯವಂತರಾಗಿದ್ದಿರಬಹುದು ಎಂಬ ಅನುಮಾನ ಇಂಥ ಅಧ್ಯಯನಗಳಲ್ಲಿ ಇದ್ದೇ ಇರುತ್ತದೆ. ಆದರೂ ಹತ್ತು ಸಾವಿರವೆಂದು ಕೇಳಿ ‘ನನ್ನಿಂದಾಗದು’ ಎಂದು ಕುಳಿತವರಿಗೆ ಈ ಸಣ್ಣ ಅಂಕಿ ಹೆಚ್ಚು ಉಪಕಾರಿ ಎಂದು ನನ್ನ ಎಣಿಕೆ. ನಾನು ವಾಚಿನಲ್ಲಿ ಗುರಿಯನ್ನು ಏಳು ಸಾವಿರಕ್ಕೆ ಇಳಿಸಿಕೊಂಡಿದ್ದೇನೆ. ಪಾತ್ರೆ ತೊಳೆಯುವಾಗಲೂ ಅದು ಹೆಜ್ಜೆ ಎಣಿಸುತ್ತದೆ, ಇರಲಿ.

ನಿದ್ದೆಗೇಡಿ:

ನಿದ್ದೆಯ ಲೆಕ್ಕದ ಬಗ್ಗೆ ಯಾರೂ ಮಾತೆತ್ತಲಿಲ್ಲ. ನನ್ನ ಮಟ್ಟಿಗೆ ಈ ವಾಚಿನ ಅತಿ ದೊಡ್ಡ ದೋಷ ಇರುವುದು ಅಲ್ಲಿಯೇ. ನಿದ್ದೆಯ ಹಂತಗಳು ನಿರ್ಧಾರವಾಗುವುದು ಮಿದುಳಿನ ಅಲೆಗಳಿಂದ. ಪ್ರಯೋಗಾಲಯದಲ್ಲಿ ತಲೆಗೆ, ಕಣ್ಣಿನ ಬಳಿ, ಗದ್ದಕ್ಕೆ ತಂತಿ ಅಂಟಿಸಿ ಅಳೆಯುತ್ತಾರೆ. ವಾಚಿಗೆ ಸಿಗುವುದು ಕೈ ಅಲುಗಿತೇ ಇಲ್ಲವೇ, ನಾಡಿ ಹೇಗಿತ್ತು ಎಂಬ ಎರಡು ಸುಳಿವುಗಳು ಮಾತ್ರ. ಮಲಗಿದ ಹೊತ್ತು, ಎದ್ದ ಹೊತ್ತು ಸುಮಾರಾಗಿ ಸರಿಯಿರುತ್ತವೆ. ಆದರೆ ಕತ್ತಲಲ್ಲಿ ಅಲುಗದೆ ಚಾವಣಿ ನೋಡುತ್ತಾ ಬಿದ್ದುಕೊಂಡಿದ್ದರೆ ಅದನ್ನೂ ನಿದ್ದೆಯೆಂದೇ ಬರೆದುಕೊಳ್ಳುತ್ತದೆ. ‘ಗಾಢನಿದ್ದೆ 48 ನಿಮಿಷ’ ಎಂದು ನಿಮಿಷದ ನಿಖರತೆಯಲ್ಲಿ ತೋರಿಸುವುದಕ್ಕೆ ಆಧಾರ ಇಷ್ಟೇ.

ನಾನು ಚೆನ್ನಾಗಿ ಮಲಗಿ ಎದ್ದೆನೆಂಬ ಸಂತೋಷದಲ್ಲಿ ವಾಚು ನೋಡಿ, ನನ್ನ ನಿದ್ದೆಗೆ ಅದು ಕೊಟ್ಟ ಅಂಕ 61 ಎಂದು ಕಂಡು, ಅಂದಿಡೀ ದಣಿವಿನ ಭಾವದಲ್ಲಿ ಕಳೆದ ದಿನಗಳುಂಟು. ರಾತ್ರಿ ಮಲಗುವಾಗಲೇ ನಾಳೆ ಎಷ್ಟು ಅಂಕ ಬರುತ್ತದೋ ಎಂಬ ಚಿಂತೆ. ಆ ಚಿಂತೆಗೇ ನಿದ್ದೆ ಹಾರುತ್ತಿತ್ತು. ಅಂಕದ ಬೆನ್ನು ಹತ್ತಿ ನಿದ್ದೆ ಕಳೆದುಕೊಳ್ಳುವ ಈ ಸ್ಥಿತಿಗೆ 2017ರಲ್ಲಿ ಸಂಶೋಧಕರು ‘ಆರ್ಥೋಸೋಮ್ನಿಯಾ’ ಎಂಬ ಹೆಸರನ್ನೇ ಇಟ್ಟಿದ್ದಾರೆಂದು ತಿಳಿದಾಗ, ನಾನೊಬ್ಬನೇ ಅಲ್ಲವೆಂದು ಸಮಾಧಾನವಾಯಿತು. ಈಗ ರಾತ್ರಿ ಬಿಚ್ಚಿಟ್ಟು ಮಲಗುತ್ತೇನೆ.

ಕಪ್ಪು ಮಣಿಕಟ್ಟು:

ರಕ್ತದ ಆಮ್ಲಜನಕದ ಅಂಕಿಯ ಬಗ್ಗೆಯೂ ಒಂದು ಮಾತು. ಅದಕ್ಕೆ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬೇಕು. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಬೆಳಕು ಬೆರಳನ್ನು ಹಾದು ಆಚೆ ಬದಿಗೆ ತಲುಪುತ್ತದೆ. ವಾಚಿನಲ್ಲಿ ಚರ್ಮಕ್ಕೆ ತಾಗಿ ಹಿಂದಿರುಗಿದ್ದನ್ನೇ ನೆಚ್ಚಬೇಕು, ಆದ್ದರಿಂದ ಕೆಲಸ ಇನ್ನೂ ಕಷ್ಟ. ಚರ್ಮದ ಬಣ್ಣದ ಪ್ರಶ್ನೆಯೂ ಇದೆ. 2020ರ ಡಿಸೆಂಬರಿನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಆಸ್ಪತ್ರೆಯ ಬೆರಳಿನ ಯಂತ್ರಗಳೇ ಆಮ್ಲಜನಕದ ಕೊರತೆಯನ್ನು ಬಿಳಿಯ ರೋಗಿಗಳಿಗಿಂತ ಕಪ್ಪು ಜನಾಂಗದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಬಾರಿ ಗುರುತಿಸದೆ ಹೋಗಿದ್ದವು ಎಂದು ತೋರಿಸಿತು. ಆಸ್ಪತ್ರೆಯ ಯಂತ್ರದ ಗತಿಯೇ ಹೀಗಾದರೆ ನನ್ನಂಥ ಕಡುಗಪ್ಪು ಮೈಯವರು ಮಣಿಕಟ್ಟಿನ ವಾಚು ತೋರಿಸುವ ಶೇ 97ನ್ನು ಎಷ್ಟು ನಂಬಬೇಕು? ನಾನು ಆ ಸೌಲಭ್ಯವನ್ನು ಆರಿಸಿಬಿಟ್ಟಿದ್ದೇನೆ, ಬ್ಯಾಟರಿಯಾದರೂ ಉಳಿಯುತ್ತದೆ. ಮಣಿಕಟ್ಟಿನ ಮೇಲೆ ಹಚ್ಚೆ ಇರುವವರಿಗೂ ಬೆಳಕಿನ ಇದೇ ತೊಡಕು.

ಕೋಡ್‌ಗಾರ:

ನಿಧಾನಗಾಮಿಯವರು ವಾಚಿನ ನಿಜವಾದ ಬಲವೆಂದು ಹೇಳಿದ್ದು ದೀರ್ಘಕಾಲದ ದಾಖಲೆಯನ್ನು. ಆ ದಾಖಲೆ ಇರುವುದು ನಿಮ್ಮ ಕೈಯಲ್ಲಿ ಅಲ್ಲ ಎಂಬುದನ್ನು ಗಮನಿಸಬೇಕು. ಬಹಳಷ್ಟು ಸಾಧನಗಳಲ್ಲಿ ಅದು ಕಂಪನಿಯ ಸರ್ವರಿನಲ್ಲಿರುತ್ತದೆ. ಕಂಪನಿ ಮಾರಾಟವಾದರೆ ದಾಖಲೆಯೂ ಜೊತೆಗೆ ಹೋಗುತ್ತದೆ. ಫಿಟ್‌ಬಿಟ್ ಎಂಬ, ಇಂಥ ಸಾಧನಗಳ ಕಂಪನಿಯನ್ನು ಗೂಗಲ್ ಕೊಂಡಾಗ, ಯುರೋಪಿನ ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗೆ ಬಳಸುವುದಿಲ್ಲವೆಂದು ಹತ್ತು ವರ್ಷಗಳ ಮಾತು ಕೊಟ್ಟ ಮೇಲೆಯೇ ಯುರೋಪಿಯನ್ ಆಯೋಗ ಒಪ್ಪಿದ್ದು. ಓಟದ ಹಾದಿಗಳ ಜಾಗತಿಕ ನಕ್ಷೆಯನ್ನು, ಓಟ-ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ಪ್ರಕಟಿಸಿದಾಗ, ಅದರಲ್ಲಿ ಸೇನಾ ನೆಲೆಗಳ ಸುತ್ತ ಸೈನಿಕರು ಓಡಿದ ಗೆರೆಗಳು ಹೊಳೆಯುತ್ತಿರುವುದು 2018ರ ಜನವರಿಯಲ್ಲಿ ಬೆಳಕಿಗೆ ಬಂತು. ಹೆಸರಿಲ್ಲದ ಮಾಹಿತಿಯೂ ಎಷ್ಟು ಹೇಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ವಾಚಿನ ಸಾಫ್ಟ್‌ವೇರ್ ನವೀಕರಣವಾದಾಗ ಲೆಕ್ಕ ಹಾಕುವ ಸೂತ್ರವೂ ಬದಲಾಗಬಹುದು, ಅದನ್ನು ಯಾರೂ ತಿಳಿಸುವುದಿಲ್ಲ. ನನ್ನ ನಿದ್ದೆಯ ಸರಾಸರಿ ಒಂದು ನವೀಕರಣದ ಮರುದಿನದಿಂದ 25 ನಿಮಿಷ ಇಳಿಯಿತು, ನಾನು ಮಲಗುವುದು ಏಳುವುದು ಬದಲಾಗಿರಲಿಲ್ಲ. ತನ್ನನ್ನು ತನ್ನ ಹಿಂದಿನ ದಿನಗಳೊಂದಿಗೆ ಹೋಲಿಸುವುದೇ ಉಪಯೋಗವಾದರೆ, ಅಳತೆಗೋಲು ನಡುವೆ ಬದಲಾದರೆ ಆ ಉಪಯೋಗಕ್ಕೇ ಕುತ್ತು. ನಾನು ಮೂರು ತಿಂಗಳಿಗೊಮ್ಮೆ ದಾಖಲೆಯನ್ನು ಇಳಿಸಿಕೊಂಡು, ನವೀಕರಣದ ದಿನಾಂಕವನ್ನು ಗುರುತು ಹಾಕಿಡುತ್ತೇನೆ. ಕೊಳ್ಳುವ ಮೊದಲು, ದಾಖಲೆಯನ್ನು ಇಳಿಸಿಕೊಳ್ಳಲು ಅವಕಾಶವಿದೆಯೇ ಎಂದು ನೋಡಿ.

ಒಂಟಿಮನೆ ಅಜ್ಜಿ:

ನನಗೆ ಎಪ್ಪತ್ತೊಂದು ವರ್ಷ. ಒಬ್ಬಳೇ ಇದ್ದೇನೆ. ಹೆಜ್ಜೆ, ನಿದ್ದೆ, ಆಮ್ಲಜನಕ ಯಾವುದನ್ನೂ ನಾನು ನೋಡುವುದಿಲ್ಲ. ಮಗಳು ಇದನ್ನು ನನಗೆ ಕಟ್ಟಿದ್ದು, ನಾನು ಬಿದ್ದರೆ ತಿಳಿಸುತ್ತದೆ ಎಂಬ ಒಂದೇ ಕಾರಣಕ್ಕೆ. ರಭಸದಿಂದ ಬಿದ್ದದ್ದನ್ನು ಅದು ಗುರುತಿಸಿ ‘ಕ್ಷೇಮವೇ?’ ಎಂದು ಕೇಳುತ್ತದೆ; ನಾನು ಉತ್ತರಿಸದೆ ಒಂದು ನಿಮಿಷದಷ್ಟು ಅಲುಗಾಡದೆ ಇದ್ದರೆ ತಾನೇ ಕರೆ ಮಾಡುತ್ತದೆ ಎಂದು ಮಗಳು ವಿವರಿಸಿದ್ದಾಳೆ. ಒಮ್ಮೆ ಹಾಸಿಗೆ ಕೊಡವುವಾಗ ಬಿದ್ದೆನೆಂದು ತಿಳಿದು ಕೇಳಿತು, ಒಮ್ಮೆ ಕುರ್ಚಿಯಿಂದ ನಿಜವಾಗಿ ಜಾರಿ ಕುಳಿತಾಗ ಸುಮ್ಮನಿತ್ತು. ಮೆಲ್ಲನೆ ಜಾರಿದರೆ ಅದಕ್ಕೆ ತಿಳಿಯದಂತೆ.

ನಿಧಾನಗಾಮಿಯವರೇ, ಸ್ನಾನದ ಹೊತ್ತಿನಲ್ಲಿ ಚಾರ್ಜಿಗೆ ಇಡಿ ಎಂದು ಎಲ್ಲರಿಗೂ ಹೇಳಿದ್ದೀರಿ. ನನ್ನ ವಯಸ್ಸಿನವರು ಬೀಳುವುದು ಬಚ್ಚಲಲ್ಲೇ ಅಲ್ಲವೇ?

ಕೋಡ್‌ಗಾರ:

ಅಮ್ಮನವರು ಹೇಳಿದ್ದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ಮಾತು ಮಾತ್ರ ಸೇರಿಸುತ್ತೇನೆ: ವಾಚಿನ ಮೇಲೆ 50 ಮೀಟರ್ ಎಂದಿದ್ದರೆ ಅದು ಪ್ರಯೋಗಾಲಯದ ನಿಂತ ನೀರಿನ ಒತ್ತಡದ ಲೆಕ್ಕ. ನೀರು ತಾಗಿದರೆ ತೊಂದರೆಯಿಲ್ಲ, ಆದರೆ ಸಾಬೂನು ಮತ್ತು ಬಿಸಿ ಹಬೆ ಒಳಗಿನ ರಬ್ಬರ್ ಬಿಗಿತವನ್ನು ಕಾಲಕ್ರಮದಲ್ಲಿ ಸಡಿಲಿಸುತ್ತವೆ. ಸ್ನಾನವಾದ ಮೇಲೆ ಬರೀ ನೀರಿನಲ್ಲಿ ತೊಳೆದು, ವಾಚನ್ನೂ ಮಣಿಕಟ್ಟನ್ನೂ ಒರೆಸಿಕೊಂಡು ಕಟ್ಟಿಕೊಳ್ಳಿ. ಬೆಲ್ಟಿನ ಕೆಳಗೆ ತೇವ ಉಳಿದರೆ ತುರಿಕೆ ಬರುತ್ತದೆ. ಮೊಬೈಲಿನ ಮೂಲಕವೇ ಕರೆ ಮಾಡುವ ವಾಚಾದರೆ, ಬಚ್ಚಲಿನಿಂದ ಅದರ ಸಂಪರ್ಕ ಸಿಗುವಷ್ಟು ಹತ್ತಿರದಲ್ಲಿ ಮೊಬೈಲ್ ಇರಬೇಕು. ಅದನ್ನೂ ಮಗಳಿಂದ ಒಮ್ಮೆ ಪರೀಕ್ಷೆ ಮಾಡಿಸಿ.

ನಿಧಾನಗಾಮಿ:

ಅಮ್ಮ, ತಪ್ಪು ನನ್ನದು. ನನ್ನ ಲೆಕ್ಕದ ಪಟ್ಟಿ ತುಂಬುವುದನ್ನಷ್ಟೇ ಯೋಚಿಸಿ ಬರೆದಿದ್ದೆ. ನೀವು ಕುಳಿತು ಓದುವ ಹೊತ್ತೋ, ಮನೆಗೆ ಯಾರಾದರೂ ಬಂದಿರುವ ಹೊತ್ತೋ ಚಾರ್ಜಿಗೆ ಇಟ್ಟರಾಯಿತು. ಮೇಲಿನ ಬರಹದಲ್ಲಿ ಆ ಸಾಲನ್ನು ತಿದ್ದಲು ಈಗ ಅವಕಾಶವಿಲ್ಲದ್ದರಿಂದ ಇಲ್ಲಿಯೇ ಹೇಳುತ್ತಿದ್ದೇನೆ: ಬಿದ್ದರೆ ತಿಳಿಸಲಿ ಎಂದು ವಾಚು ಕಟ್ಟಿಕೊಂಡವರು ಬಚ್ಚಲಿಗೆ ಹೋಗುವಾಗ ಅದನ್ನು ಬಿಚ್ಚಬೇಡಿ.